ಹಸಿರು ಪ್ರಮಾಣಪತ್ರವೂ ಬಾಡಿಗೆಯ ಕರಾರೂ

ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿದ ದೀಪಗಳಿಗೂ ಅದೇ ಜಲಪಾತವೇ ಮೂಲವಾಯಿತು. ಅಂದು ನದಿಯ ಈಚೆಯ ಕೊಳ್ಳೇಗಾಲದ ಸೀಮೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಾದ ಮೇಲೆಯೇ ನಾವು ಮೈಸೂರಿನವರಾದದ್ದು. ಇಂದು ಅದೇ ಕಾವೇರಿಯ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಳಿಸಿ, ಸುಮಾರು ನೂರು ಕಿಲೋಮೀಟರು ದೂರಕ್ಕೂ ಐನೂರು ಮೀಟರಿಗೆ ಸಮೀಪವಾದ ಎತ್ತರಕ್ಕೂ ಪಂಪುಗಳಿಂದ ತಳ್ಳಿ ರಾಜಧಾನಿಗೆ ಕೊಡಲಾಗುತ್ತಿದೆ. 1974ರಲ್ಲಿ ಮೊದಲನೆಯ ಹಂತದಿಂದ ಆರಂಭವಾದ ಈ ಯೋಜನೆಗೆ 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಕೂಡಿಕೊಂಡು, ದಿನವೊಂದಕ್ಕೆ 775 ದಶಲಕ್ಷ ಲೀಟರು ನೀರು ಹೆಚ್ಚುವರಿಯಾಗಿ ಬೆಂಗಳೂರಿಗೆ ಹರಿಯತೊಡಗಿತು. ನೀರಿನ ಮಾತು ಹಾಗಿರಲಿ. ಚಾಮರಾಜನಗರ ಸೀಮೆಯ ಹೆಸರುವಾಸಿಯಾದ ಕರಿಕಲ್ಲು ಆ ನಗರದ ಕಟ್ಟಡಗಳ ನೆಲಕ್ಕೂ ಗೋಡೆಗೂ ಹೋಗುತ್ತದೆ, ಈ ಭಾಗದ ಹಳ್ಳಿಗಳ ತರುಣರು ಅವುಗಳ ಸೆಂಟ್ರಿಂಗ್, ಬಣ್ಣ, ಮರಗೆಲಸಗಳಿಗೆ ಹೋಗುತ್ತಾರೆ. ಆದುದರಿಂದ ಹನೂರು ತಾಲ್ಲೂಕಿನ ಶಾಗ್ಯದಲ್ಲಿ ವಾಸಿಸುವವನಿಗೆ ಬೆಂಗಳೂರಿನ ಕಚೇರಿ ಕಟ್ಟಡಗಳು ಎಷ್ಟು ನೀರನ್ನೂ ಎಷ್ಟು ವಿದ್ಯುತ್ತನ್ನೂ ಎಷ್ಟು ಕಲ್ಲುಮರಗಳನ್ನೂ ವ್ಯಯಿಸುತ್ತವೆಂಬುದನ್ನು ಕೇಳುವ ಅಧಿಕಾರ ಉಂಟೆಂದು ನಾನು ನಂಬಿದ್ದೇನೆ.

ಈ ವ್ಯಯವನ್ನು ಮಿತಿಯಲ್ಲಿಟ್ಟ ಕಟ್ಟಡಗಳನ್ನು ಗುರುತಿಸಿ ಗೌರವಿಸುವುದಕ್ಕಾಗಿಯೇ ಹಸಿರು ಕಟ್ಟಡದ ಪ್ರಮಾಣಪತ್ರವೆಂಬ ವ್ಯವಸ್ಥೆ ಹುಟ್ಟಿಕೊಂಡಿತು. ಅಮೆರಿಕದಲ್ಲಿ 1993ರಲ್ಲಿ ಸ್ಥಾಪಿತವಾದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ರೂಪಿಸಿದ ‘ಲೀಡ್’ ಮಾನದಂಡವು ಇದರಲ್ಲಿ ಪ್ರಸಿದ್ಧವಾದುದು. ನಮ್ಮ ದೇಶದಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟವು 2001ರಲ್ಲಿ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲನ್ನು ಆರಂಭಿಸಿತು. ಹೈದರಾಬಾದಿನಲ್ಲಿ ಆ ಒಕ್ಕೂಟ ಕಟ್ಟಿಸಿದ ಸೊಹ್ರಾಬ್ಜಿ ಗೋದ್ರೇಜ್ ಕೇಂದ್ರವು ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಪದವಿಯನ್ನು ಪಡೆದ ಪ್ರಥಮ ಕಟ್ಟಡವಾಗಿ, 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಉದ್ಘಾಟಿತವಾಯಿತು. ಟೆರಿ ಸಂಸ್ಥೆಯೂ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೂ ಕೂಡಿ ಬೆಳೆಸಿದ ‘ಗೃಹ’ ಎಂಬ ಸ್ವದೇಶೀ ಮಾನದಂಡ 2007ರಲ್ಲಿ ರಾಷ್ಟ್ರೀಯ ಪದ್ಧತಿಯಾಗಿ ಅಂಗೀಕೃತವಾಯಿತು. ಹೈದರಾಬಾದಿನ ಆ ಕೇಂದ್ರದಲ್ಲಾಗಲಿ ನಮ್ಮ ಮೈಸೂರಿನ ಇನ್ಫೋಸಿಸ್ ಆವರಣದಲ್ಲಾಗಲಿ ಕಟ್ಟಿಸಿದವರೂ ವಾಸಿಸುವವರೂ ಒಬ್ಬರೇ ಆಗಿರುವುದನ್ನು ಗಮನಿಸಬೇಕು. ಕಿಟಕಿಯನ್ನು ಎಲ್ಲಿ ಇಡಬೇಕೆಂದು ಯೋಚಿಸಿದ ಬುದ್ಧಿಯೇ ಮೇಜನ್ನು ಎಲ್ಲಿ ಇಡಬೇಕೆಂದೂ ನಿರ್ಣಯಿಸುವಾಗ, ನಕ್ಷೆಯಲ್ಲಿ ಸಂಕಲ್ಪಿಸಿದ ಗುಣವು ಬಳಕೆಯಲ್ಲಿ ಕೈಗೂಡುವುದು ಕಷ್ಟವಲ್ಲ.

ಆದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಹೆಬ್ಬಾಳದ ಆಚೆಯಲ್ಲಿಯೂ ಎದ್ದು ನಿಂತಿರುವ ಕಚೇರಿ ಕಟ್ಟಡಗಳಲ್ಲಿ ಬಹುಭಾಗದ ಸ್ವರೂಪ ಬೇರೆ. ಅಲ್ಲಿ ಮಾಲೀಕನು ಅಡಿಪಾಯ, ಕಂಬ, ಚಾವಣಿ, ಹೊರಗೋಡೆ, ಗಾಜು, ಲಿಫ್ಟು, ಮೆಟ್ಟಿಲು, ಸಾಮಾನ್ಯ ಶೌಚಗೃಹಗಳು, ತಂಪು ನೀರಿನ ಯಂತ್ರಸ್ಥಾವರ, ಇಷ್ಟನ್ನು ಕಟ್ಟಿ ನಿಲ್ಲಿಸುತ್ತಾನೆ. ಮಹಡಿಯ ಬಾಗಿಲಿನಿಂದ ಒಳಗೆ ಇರುವುದೆಲ್ಲವೂ, ಎಂದರೆ ಪಾರ್ಟಿಷನ್ನು, ಫಾಲ್ಸ್ ಸೀಲಿಂಗು, ದೀಪಗಳು, ಗಾಳಿಯ ಕೊಳವೆಗಳು, ನೆಲದ ಹಾಸು, ಊಟದ ಕೋಣೆಯ ನಲ್ಲಿಗಳು, ಮೇಜುಕುರ್ಚಿಗಳ ಸಂಖ್ಯೆ ಮತ್ತು ಸ್ಥಾನ, ಇವೆಲ್ಲವೂ ಬಾಡಿಗೆದಾರನ ಇಚ್ಛೆಗೆ ಬಿಟ್ಟದ್ದು. ಏನನ್ನೂ ಅಳವಡಿಸದೆ ಒಪ್ಪಿಸುವ ಮಹಡಿಯನ್ನು ಈ ವ್ಯವಹಾರದವರು ಬೇರ್ ಶೆಲ್ ಎಂದೂ, ಹವಾನಿಯಂತ್ರಣ ಮತ್ತು ವಿದ್ಯುತ್ತಿನ ಮೂಲವ್ಯವಸ್ಥೆಯೊಡನೆ ಒಪ್ಪಿಸುವುದನ್ನು ವಾರ್ಮ್ ಶೆಲ್ ಎಂದೂ ಕರೆಯುತ್ತಾರೆ. ಪ್ರಮಾಣಪತ್ರವು ದೊರೆಯುವುದು ಬಹುಮಟ್ಟಿಗೆ ಮಾಲೀಕನು ಕಟ್ಟಿದ ಹೊರಕವಚಕ್ಕೆ. ಜನ ದಿನವೂ ಎಂಟೊಂಬತ್ತು ತಾಸು ಉಸಿರಾಡಿ, ಓದಿ, ಬರೆದು, ನೀರು ಕುಡಿದು ಬಾಳುವುದು ಬಾಡಿಗೆದಾರನು ಅಳವಡಿಸಿದ ಒಳಾಂಗಣದಲ್ಲಿ. ಇವೆರಡರ ನಡುವೆ ಬಾಡಿಗೆಯ ಕರಾರಿನಲ್ಲಿ ಬರೆದು ಬಂಧಿಸಿದ ಸಂಬಂಧವಿಲ್ಲದಿದ್ದರೆ ಹೊರಗಿನ ಫಲಕದ ಮೇಲಿನ ಪದವಿಗೆ ಪೂರ್ಣವಾದ ಅರ್ಥವಿಲ್ಲವೆಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಬೆಳಕಿನ ವಿಷಯವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಮಾಲೀಕನ ಲೆಕ್ಕಕ್ಕೂ ಬಾಡಿಗೆದಾರನ ನಡತೆಗೂ ಇರುವ ಅಂತರ ಅಲ್ಲಿ ಕಣ್ಣಿಗೇ ಕಾಣುತ್ತದೆ. ಹಗಲಿನ ನೈಸರ್ಗಿಕ ಬೆಳಕು ಮಹಡಿಯ ಎಷ್ಟು ಭಾಗವನ್ನು ಮುಟ್ಟುತ್ತದೆಂಬುದನ್ನು ಕಟ್ಟಡದ ನಕ್ಷೆಯ ಕಾಲದಲ್ಲಿಯೇ ಗಣಕಯಂತ್ರದಿಂದ ಗಣಿಸಿ, ಅದಕ್ಕೆ ಅಂಕಗಳನ್ನು ಕೊಡಲಾಗುತ್ತದೆ. ಕೇಂದ್ರ ಸರ್ಕಾರದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ನೂರರಿಂದ ಎರಡು ಸಾವಿರ ಲಕ್ಸ್ ಪ್ರಮಾಣದ ಉಪಯುಕ್ತವಾದ ಹಗಲು ಬೆಳಕು ಒಳಗಿನ ನೆಲದ ನಿಯತ ಭಾಗಕ್ಕೆ ದೊರೆಯಬೇಕೆಂದು ವಿಧಿಸಿದೆ. ಒಳಗಿನ ವಿನ್ಯಾಸವು ಇನ್ನೂ ಗೊತ್ತಿಲ್ಲದಿರುವಾಗ ಚಾವಣಿಯೂ ಗೋಡೆಯೂ ಇಂತಿಷ್ಟು ಬೆಳಕನ್ನು ಪ್ರತಿಫಲಿಸುವುವೆಂದೂ, ಪೀಠೋಪಕರಣಗಳು ಸಾಧಾರಣವಾದ ರೀತಿಯಲ್ಲಿ ಇರುವುವೆಂದೂ ಊಹಿಸಿಕೊಂಡು ಲೆಕ್ಕ ಕಟ್ಟಬೇಕಾಗುತ್ತದೆ. ಬಾಡಿಗೆದಾರನು ಬಂದವನೇ ಹಿರಿಯ ಅಧಿಕಾರಿಗಳ ಕೊಠಡಿಗಳನ್ನೆಲ್ಲ ಕಿಟಕಿಯ ಸಾಲಿಗೇ ಕಟ್ಟಿ, ಅವುಗಳ ಗೋಡೆಯನ್ನು ಚಾವಣಿಯ ಮಟ್ಟದವರೆಗೆ ಎತ್ತಿ, ಸಾಮಾನ್ಯ ನೌಕರರನ್ನು ನಡುಭಾಗದಲ್ಲಿ ಕೂರಿಸುತ್ತಾನೆ. ಚಾವಣಿಯನ್ನು ತೆರೆದೇ ಬಿಟ್ಟು ಅದಕ್ಕೆ ಕಪ್ಪು ಬಣ್ಣ ಬಳಿಸುವುದು ಈಚಿನ ರೂಢಿ. ಗಾಜಿನಿಂದ ಬರುವ ಝಳ ತಾಳದೆ ಪರದೆಯನ್ನು ಇಳಿಬಿಟ್ಟರೆ ಅದು ಸಂಜೆಯಾದರೂ ಏಳುವುದಿಲ್ಲ. ಪ್ರಮಾಣಪತ್ರದ ಕಡತದಲ್ಲಿ ಬೆಳಕು ತುಂಬಿದ ಆ ಮಹಡಿಯಲ್ಲಿ ಮಟಮಟ ಮಧ್ಯಾಹ್ನವೂ ವಿದ್ಯುದ್ದೀಪಗಳು ಉರಿಯುತ್ತಿರುತ್ತವೆ. ಕಡತದಲ್ಲಿ ಬರೆದವನು ಸುಳ್ಳು ಹೇಳಲಿಲ್ಲ, ಬಾಡಿಗೆದಾರನು ಯಾವ ಕಾನೂನನ್ನೂ ಮುರಿಯಲಿಲ್ಲ. ಆದರೂ ಉದ್ದೇಶವು ಭಂಗವಾಯಿತು.

ಗಾಳಿಯ ವಿಷಯ ಇದಕ್ಕಿಂತ ಗಂಭೀರವಾದುದು, ಏಕೆಂದರೆ ಅದು ಕಾಣುವುದಿಲ್ಲ. ಕಚೇರಿಯೊಳಕ್ಕೆ ತರಬೇಕಾದ ಹೊರಗಿನ ತಾಜಾ ಗಾಳಿಯ ಪ್ರಮಾಣವನ್ನು ಆಶ್ರೇ ಎಂಬ ಅಮೆರಿಕದ ಎಂಜಿನಿಯರರ ಸಂಸ್ಥೆಯ ಮಾನದಂಡದ ಪ್ರಕಾರ ಎರಡು ಭಾಗವಾಗಿ ಗಣಿಸುತ್ತಾರೆ: ತಲೆಯೊಂದಕ್ಕೆ ಸೆಕೆಂಡಿಗೆ 2.5 ಲೀಟರು, ನೆಲದ ಚದರ ಮೀಟರೊಂದಕ್ಕೆ 0.3 ಲೀಟರು. ಎಷ್ಟು ಜನ ಬರುವರೆಂದು ತಿಳಿಯದ ಹೊರಕವಚದ ಕಟ್ಟಡಕ್ಕೆ, ಸಾಮಾನ್ಯ ಕಚೇರಿಯಾದರೆ 250 ಚದರ ಅಡಿಗೆ ಒಬ್ಬರಂತೆ ಎಣಿಸಬಹುದೆಂದು ಲೀಡ್ ತನ್ನ ಪಟ್ಟಿಯಲ್ಲಿ ಸೂಚಿಸಿದೆ. ಆ ಎಣಿಕೆಯಂತೆ ಸಾವಿರ ಚದರ ಮೀಟರಿನ ಮಹಡಿಯಲ್ಲಿ 43 ಜನರಿದ್ದು, ಸೆಕೆಂಡಿಗೆ ಸುಮಾರು 408 ಲೀಟರು ಗಾಳಿ ಸಾಕಾಗುತ್ತದೆ. ನಮ್ಮ ನಗರಗಳಲ್ಲಿ ನೂರು ಚದರ ಅಡಿಗೆ ಒಬ್ಬರನ್ನು ಕೂರಿಸುವುದು ವಿರಳವೇನಲ್ಲ. ಹಾಗೆ ಕೂರಿಸಿದರೆ ಅದೇ ಮಹಡಿಯಲ್ಲಿ 108 ಜನರಾಗಿ, ಬೇಕಾಗುವ ಗಾಳಿ 570 ಲೀಟರಿಗೆ ಏರುತ್ತದೆ. ದೂರವಾಣಿ ಸೇವೆಯ ಕಂಪನಿಗಳು ಇದಕ್ಕಿಂತಲೂ ಇಕ್ಕಟ್ಟಾಗಿ ಆಸನಗಳನ್ನು ಜೋಡಿಸುವುದುಂಟು. ಮಾಲೀಕನ ಯಂತ್ರವು ಮೊದಲಿನ ಲೆಕ್ಕಕ್ಕೆ ತಕ್ಕುದಾಗಿದ್ದು, ಬಾಡಿಗೆದಾರನ ಜನಸಂಖ್ಯೆ ಎರಡನೆಯ ಲೆಕ್ಕದ್ದಾಗಿದ್ದರೆ, ಅಪರಾಹ್ನದ ಹೊತ್ತಿಗೆ ಬರುವ ತಲೆಭಾರಕ್ಕೂ ತೂಕಡಿಕೆಗೂ ಕಾರಣವನ್ನು ನೌಕರನು ತನ್ನ ಊಟದಲ್ಲಿ ಹುಡುಕುತ್ತಾನೆ. ಹೊಸ ಪ್ಲೈವುಡ್ಡಿನ ಅಂಟಿನಿಂದಲೂ ಬಣ್ಣದಿಂದಲೂ ಹೊರಡುವ ಫಾರ್ಮಾಲ್ಡಿಹೈಡ್ ಮುಂತಾದ ಆವಿಗಳು ಇದೇ ಕೊರತೆಯ ಗಾಳಿಗೆ ಕೂಡಿಕೊಳ್ಳುತ್ತವೆ. ಆ ಪ್ಲೈವುಡ್ಡನ್ನೂ ಬಣ್ಣವನ್ನೂ ಆರಿಸಿದವನು ಮಾಲೀಕನಲ್ಲ. ಅವನ್ನು ಕೊಯ್ದು ಬಳಿದು ಮೊದಲು ಉಸಿರಾಡಿದವರು ಹಳ್ಳಿಗಳಿಂದ ಹೋದ ಕೆಲಸಗಾರರು.

ವಿದ್ಯುತ್ತು ಮತ್ತು ನೀರಿನ ಮಾತನ್ನು ಬೇಗ ಮುಗಿಸಬಹುದು. ಕಚೇರಿಯ ದೀಪಗಳಿಗೆ ಚದರ ಮೀಟರಿಗೆ 9.5 ವ್ಯಾಟಿಗಿಂತ ಹೆಚ್ಚು ಬೇಡವೆಂದು 2017ರ ಸಂಹಿತೆ ಹೇಳುತ್ತದೆ. ಆದರೆ ದೀಪಗಳನ್ನು ಕೊಳ್ಳುವವನು ಬಾಡಿಗೆದಾರ. ಬೆಂಗಳೂರು ಬಾಯಾರಿದ 2024ರ ಮಾರ್ಚಿನಲ್ಲಿ ಜಲಮಂಡಳಿಯು ವಾಣಿಜ್ಯ ಸಂಕೀರ್ಣಗಳ ನಲ್ಲಿಗಳಿಗೆಲ್ಲ ನೀರಿನ ಧಾರೆಯನ್ನು ತಗ್ಗಿಸುವ ಏರೇಟರುಗಳನ್ನು ಕಡ್ಡಾಯ ಮಾಡಿತು. ಶೌಚಗೃಹ ಸಾಮಾನ್ಯ ಬಳಕೆಯದಾದರೆ ಆ ಆಜ್ಞೆಯನ್ನು ಪಾಲಿಸಬೇಕಾದವನು ಮಾಲೀಕ, ಮಹಡಿಯೊಳಗಿನದಾದರೆ ಬಾಡಿಗೆದಾರ. ಕರಾರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯದಿದ್ದ ಕಡೆ ಇಬ್ಬರೂ ಪರಸ್ಪರರ ಮುಖ ನೋಡುವ ಸ್ಥಿತಿ ಸಹಜವಾಗಿಯೇ ಉಂಟಾಗುತ್ತದೆ.

ಮಾನದಂಡಗಳನ್ನು ರಚಿಸಿದವರಿಗೆ ಈ ಸಮಸ್ಯೆ ಗೊತ್ತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಲೀಡ್ ಪದ್ಧತಿಯಲ್ಲಿ ಹೊರಕವಚಕ್ಕೆಂದೇ ‘ಕೋರ್ ಅಂಡ್ ಶೆಲ್’ ಎಂಬ ಪ್ರತ್ಯೇಕ ವಿಭಾಗವೂ, ಒಳಾಂಗಣಗಳಿಗೆಂದು ಮತ್ತೊಂದು ವಿಭಾಗವೂ ಇವೆ. ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ತನ್ನ ಹೊಸ ಕಟ್ಟಡಗಳ ಮಾನದಂಡದಲ್ಲಿ ಮಾಲೀಕನು ವಾಸಿಸುವ ಕಟ್ಟಡವೆಂದೂ ಬಾಡಿಗೆದಾರರು ವಾಸಿಸುವ ಕಟ್ಟಡವೆಂದೂ ವಿಂಗಡಿಸಿ, ವಿಸ್ತೀರ್ಣದ ನೂರಕ್ಕೆ 51 ಪಾಲು ಯಾರ ವಶದಲ್ಲಿದೆಯೆಂಬುದನ್ನು ಅದಕ್ಕೆ ಗೆರೆಯಾಗಿಟ್ಟಿದೆ. ಹೊರಕವಚದ ವಿಭಾಗದಲ್ಲಿ ಮಾಲೀಕನಿಗೆ ಎರಡು ದಾರಿಗಳುಂಟು. ಒಂದು, ಬಾಡಿಗೆದಾರರಿಗೆಂದು ಮಾರ್ಗದರ್ಶಿ ಪುಸ್ತಿಕೆಯೊಂದನ್ನು ಬರೆದು ಹಂಚುವುದು. ಇದರಿಂದ ಒಂದು ಅಂಕ ಲಭಿಸುತ್ತದೆ, ಆದರೆ ಪುಸ್ತಿಕೆಯನ್ನು ಪಾಲಿಸಲೇಬೇಕೆಂಬ ನಿರ್ಬಂಧ ಬಾಡಿಗೆದಾರನಿಗಿಲ್ಲ. ಎರಡನೆಯದು, ಒಳಾಂಗಣಕ್ಕೆ ಸಂಬಂಧಿಸಿದ ಅಂಕಗಳನ್ನೂ ಪಡೆಯಬೇಕೆಂದಿದ್ದರೆ ಆ ನಿಯಮಗಳನ್ನು ಬಾಡಿಗೆಯ ಕರಾರಿನಲ್ಲಿಯೇ ಸೇರಿಸಿ ಸಹಿ ಪಡೆಯುವುದು. ಮೊದಲನೆಯದು ಸುಲಭ, ಎರಡನೆಯದು ಕಠಿಣ. ಸುಲಭವಾದುದು ಯಾವುದೋ ಅದೇ ಹೆಚ್ಚಾಗಿ ನಡೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ದೇಶದ 2017ರ ಸಂಹಿತೆಯು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹೊರಕವಚದ ಕಟ್ಟಡಗಳ ಬಾಡಿಗೆಯ ಕರಾರಿನಲ್ಲಿ, ಬಾಡಿಗೆದಾರನು ಮಾಡಿಸುವ ಒಳಾಂಗಣವೂ ಸಂಹಿತೆಗೆ ಅನುಗುಣವಾಗಿರತಕ್ಕದ್ದೆಂಬ ಕಾನೂನುಬದ್ಧ ಒಪ್ಪಿಗೆಯ ಷರತ್ತು ಇರಬೇಕೆಂದು ವಿಧಿಸಿರುವುದು ಅತ್ಯಂತ ಶ್ಲಾಘನೀಯವಾದ ಸಂಗತಿ. ಷರತ್ತು ಬರೆದ ಮೇಲೆ ಅದನ್ನು ಪರೀಕ್ಷಿಸುವವರು ಯಾರು, ತಪ್ಪಿದರೆ ಆಗುವುದೇನು ಎಂಬುದು ಸ್ಪಷ್ಟವಾಗದೆ ಉಳಿದಿರುವುದು ಅಷ್ಟೇ ಶೋಚನೀಯ. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮೇಲೆ ಹಾಸು ಎಷ್ಟೇ ಉತ್ತಮವಾಗಿರಲಿ, ಹೊಕ್ಕಿನ ನೂಲನ್ನು ನೋಡದೆ ಸೀರೆಗೆ ಬೆಲೆ ಕಟ್ಟುವ ವ್ಯಾಪಾರಿಯಿಲ್ಲ. ಕಟ್ಟಡಗಳ ವಿಷಯದಲ್ಲಿ ನಾವು ಹಾಸಿನ ಮೇಲೆ ಮುದ್ರೆಯೊತ್ತಿ ಹೊಕ್ಕನ್ನು ವಿಧಿಗೆ ಬಿಟ್ಟಿದ್ದೇವೆ.

ಈ ಪ್ರಕರಣದಲ್ಲಿ ಸಾಕಷ್ಟು ಚರ್ಚೆಗೆ ಬಾರದ ಮತ್ತೊಂದು ಮುಖವಿದೆ, ಅದು ಬಾಡಿಗೆ ಮುಗಿದು ಬಾಡಿಗೆದಾರನು ಹೊರಡುವ ದಿನದ್ದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು, ಬಾಡಿಗೆದಾರನು ತಾನು ಪಡೆದ ಸ್ಥಿತಿಯಲ್ಲಿಯೇ ಸ್ವತ್ತನ್ನು ಕಾಪಾಡಿ ಹಿಂದಿರುಗಿಸಬೇಕೆಂದೂ, ತಾನು ಅಳವಡಿಸಿದುದನ್ನು ಹೋಗುವಾಗ ತೆಗೆದುಕೊಂಡು ಹೋಗಬಹುದೆಂದೂ, ಮಾಲೀಕನ ಅನುಮತಿಯಿಲ್ಲದೆ ಶಾಶ್ವತ ನಿರ್ಮಾಣವನ್ನು ಮಾಡಕೂಡದೆಂದೂ ಹೇಳುತ್ತದೆ. ಮನೆಯನ್ನೋ ಅಂಗಡಿಯನ್ನೋ ಬಾಡಿಗೆಗೆ ಕೊಡುತ್ತಿದ್ದ ಕಾಲಕ್ಕೆ ಇದು ನ್ಯಾಯವಾದ, ವಿವೇಕದ ನಿಯಮವೇ ಆಗಿತ್ತು. ಇದೇ ತತ್ತ್ವವನ್ನು ಹಿಡಿದು ಇಂದಿನ ಕಚೇರಿಗಳ ಕರಾರುಗಳು, ಅವಧಿ ತೀರಿದಾಗ ಮಹಡಿಯನ್ನು ಮೊದಲಿನ ಬೋಳು ಸ್ಥಿತಿಗೆ ತಂದು ಒಪ್ಪಿಸತಕ್ಕದ್ದೆಂದು ಬಾಡಿಗೆದಾರನನ್ನು ಬಂಧಿಸುತ್ತವೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷದ ಕರಾರೂ ಮೊದಲ ಮೂರು ವರ್ಷ ಬಿಟ್ಟು ಹೋಗಕೂಡದೆಂಬ ನಿರ್ಬಂಧವೂ ಸಾಮಾನ್ಯವಾದುದರಿಂದ, ಮೂರರಿಂದ ಒಂಬತ್ತು ವರ್ಷಕ್ಕೊಮ್ಮೆ ಮಹಡಿಗಟ್ಟಲೆ ಜಿಪ್ಸಂ ಹಲಗೆ, ಗಾಜು, ಕಾರ್ಪೆಟ್ಟು, ತವರದ ಕೊಳವೆ, ಇನ್ನೂ ಚೆನ್ನಾಗಿಯೇ ಇರುವ ದೀಪ, ಪ್ಲೈವುಡ್ಡಿನ ಬೀರು, ಇವೆಲ್ಲ ಸುತ್ತಿಗೆಯ ಪಾಲಾಗಿ ಲಾರಿಗೆ ಏರುತ್ತವೆ. ಮರುತಿಂಗಳು ಬರುವ ಹೊಸ ಬಾಡಿಗೆದಾರನು ಅವೇ ವಸ್ತುಗಳನ್ನು ಹೊಸದಾಗಿ ಕೊಂಡು ತಂದು, ಬಹುಶಃ ಅದೇ ಸ್ಥಳದಲ್ಲಿಯೇ, ಮತ್ತೆ ನಿಲ್ಲಿಸುತ್ತಾನೆ. ಕಟ್ಟಡ ಭಗ್ನಾವಶೇಷಗಳ ನಿರ್ವಹಣೆಗೆ 2016ರಲ್ಲಿ ಕೇಂದ್ರವು ನಿಯಮಗಳನ್ನು ಮಾಡಿದ್ದರೂ, ಒಡೆಯುವುದನ್ನೇ ಕಡ್ಡಾಯ ಮಾಡುವ ಕರಾರನ್ನು ಆ ನಿಯಮಗಳು ಮುಟ್ಟಲಿಲ್ಲ. ಕಟ್ಟುವಾಗ ನಾನೂರು ಕಿಲೋಮೀಟರಿನ ಒಳಗಿನ ಕಲ್ಲನ್ನು ಬಳಸಿದುದಕ್ಕೆ ಅಂಕ ಕೊಡುವ ವ್ಯವಸ್ಥೆ, ಕಟ್ಟಿದ ಒಳಾಂಗಣವನ್ನು ಒಡೆಯದೆ ಉಳಿಸಿದುದಕ್ಕೆ ಅದಕ್ಕಿಂತ ಹೆಚ್ಚಿನ ಮನ್ನಣೆಯನ್ನು ಕೊಡಬೇಕಾದುದು ನ್ಯಾಯ. ನಮ್ಮ ಬೆಟ್ಟಗಳಿಂದ ಕಲ್ಲು ತೆಗೆಯುವುದನ್ನು ದಿನವೂ ಕಾಣುವ ನಮಗೆ, ಬೇಡದೆ ಒಡೆದ ಒಂದೊಂದು ಹಾಸುಗಲ್ಲಿನ ಹಿಂದೆಯೂ ಬರಿದಾದ ಒಂದು ಬಂಡೆ ಇದೆಯೆಂಬುದು ತಿಳಿದಿದೆ.

ಮಾಲೀಕರು ಹೇಳುವ ಸಮಾಧಾನವನ್ನೂ ಕೇಳಬೇಕು. ಬಾಡಿಗೆದಾರನನ್ನು ಹುಡುಕುವುದೇ ಪ್ರಯಾಸವಾಗಿರುವಾಗ ದೀಪ ಹೀಗಿರಲಿ, ಕುರ್ಚಿ ಇಷ್ಟಿರಲಿ ಎಂದು ಕಟ್ಟುಪಾಡು ಹೇರಿದರೆ ಅವನು ಪಕ್ಕದ ಕಟ್ಟಡಕ್ಕೆ ಹೋಗುತ್ತಾನೆಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ. ಬಾಡಿಗೆದಾರರ ವಾದವೂ ತಳ್ಳಿಹಾಕತಕ್ಕದ್ದಲ್ಲ: ತಮ್ಮ ಕೆಲಸದ ಕ್ರಮ, ರಹಸ್ಯ, ಭದ್ರತೆಗಳಿಗೆ ತಕ್ಕಂತೆ ಕೋಣೆಗಳನ್ನು ವಿಂಗಡಿಸಿಕೊಳ್ಳುವುದು ಹಣ ಕೊಡುವ ತಮ್ಮ ಹಕ್ಕೆಂದು ಅವರು ಹೇಳುತ್ತಾರೆ. ಇವೆರಡರ ಬುಡದಲ್ಲಿಯೂ ಇರುವುದು ಹಣದ ಹಂಚಿಕೆಯ ಒಂದು ತೊಡಕು. ಉತ್ತಮವಾದ ಗಾಜಿಗೂ ಯಂತ್ರಕ್ಕೂ ಮಾಲೀಕನು ವೆಚ್ಚ ಮಾಡಿದರೆ ವಿದ್ಯುತ್ ಬಿಲ್ಲಿನ ಉಳಿತಾಯ ಬಾಡಿಗೆದಾರನಿಗೆ. ಉತ್ತಮ ಒಳಾಂಗಣಕ್ಕೆ ಬಾಡಿಗೆದಾರನು ವೆಚ್ಚ ಮಾಡಿದರೆ ಕಟ್ಟಡದ ಪದವಿಯ ಕೀರ್ತಿಯೂ ಅದರಿಂದ ಏರುವ ಬಾಡಿಗೆಯೂ ಮಾಲೀಕನಿಗೆ. ಒಬ್ಬನು ಬಿತ್ತಿ ಇನ್ನೊಬ್ಬನು ಕೊಯ್ಯುವ ಕಡೆ ಇಬ್ಬರೂ ಕೈ ಹಿಂತೆಗೆಯುವುದು ಸ್ವಾಭಾವಿಕ. ಇವರಿಬ್ಬರ ನಡುವೆ ಮತ್ತೊಬ್ಬ ಮಧ್ಯವರ್ತಿಯೂ ಈಗ ಬಂದಿದ್ದಾನೆ; ಮಹಡಿಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದು, ಮೇಜುಗಳ ಲೆಕ್ಕದಲ್ಲಿ ತಿಂಗಳ ಬಾಡಿಗೆಗೆ ಕೊಡುವ ಕೋ-ವರ್ಕಿಂಗ್ ಸಂಸ್ಥೆಗಳಲ್ಲಿ ಒಳಾಂಗಣವು ಬಳಸುವವನಿಗೂ ಸೇರಿದ್ದಲ್ಲ, ಕಟ್ಟಿದವನಿಗೂ ಸೇರಿದ್ದಲ್ಲ.

ಈ ತೊಡಕನ್ನು ಬಿಡಿಸಲು ಇತರ ದೇಶಗಳು ಮಾಡಿದ ಪ್ರಯತ್ನಗಳಲ್ಲಿ ಆಸ್ಟ್ರೇಲಿಯದ್ದು ನನಗೆ ಅತ್ಯಂತ ಸಮಂಜಸವಾಗಿ ತೋರುತ್ತದೆ. ‘ನೇಬರ್ಸ್’ ಎಂಬ ಅಲ್ಲಿನ ಮಾಪನಪದ್ಧತಿಯು ಮೂಲಕಟ್ಟಡಕ್ಕೊಂದು, ಬಾಡಿಗೆದಾರನ ಭಾಗಕ್ಕೊಂದು, ಇಡೀ ಕಟ್ಟಡಕ್ಕೊಂದು ಎಂದು ಬೇರೆಬೇರೆ ನಕ್ಷತ್ರಗಳನ್ನು ಕೊಡುತ್ತದೆ, ಅದೂ ನಕ್ಷೆಯ ಮೇಲಲ್ಲ, ಹನ್ನೆರಡು ತಿಂಗಳ ಮೀಟರಿನ ನಿಜವಾದ ಲೆಕ್ಕದ ಮೇಲೆ. ಅಲ್ಲಿಯ 2010ರ ಕಾಯಿದೆಯ ಪ್ರಕಾರ ದೊಡ್ಡ ಕಚೇರಿಯನ್ನು ಮಾರುವವನಾಗಲಿ ಬಾಡಿಗೆಗೆ ಕೊಡುವವನಾಗಲಿ ಈ ನಕ್ಷತ್ರಗಳನ್ನು ಬಹಿರಂಗಪಡಿಸಲೇಬೇಕು. ಎರಡು ಸಾವಿರ ಚದರ ಮೀಟರು ಇದ್ದ ಮಿತಿಯನ್ನು 2017ರಲ್ಲಿ ಒಂದು ಸಾವಿರಕ್ಕೆ ಇಳಿಸಿದರು. ಇದರಿಂದ ಯಾವ ಕೊರತೆ ಯಾರದೆಂಬುದು ಮುಚ್ಚುಮರೆಯಿಲ್ಲದೆ ತಿಳಿಯುತ್ತದೆ. ನ್ಯೂಯಾರ್ಕಿನಲ್ಲಿ 1931ರಷ್ಟು ಹಳೆಯದಾದ ಎಂಪೈರ್ ಸ್ಟೇಟ್ ಕಟ್ಟಡವನ್ನು 2009ರಿಂದ ಸುಧಾರಿಸಲು ಹೊರಟವರು ಸುಮಾರು 6,500 ಕಿಟಕಿಗಳನ್ನು ಸ್ಥಳದಲ್ಲಿಯೇ ಮರುನಿರ್ಮಾಣ ಮಾಡಿದರೂ, ಬಾಡಿಗೆದಾರರು ಜತೆಗೂಡದಿದ್ದರೆ ತಮ್ಮ ಗುರಿಯಾದ 38 ಪ್ರತಿಶತ ಉಳಿತಾಯ ಸಾಧ್ಯವಿಲ್ಲವೆಂದು ಅರಿತು, ಮಹಡಿಗಳಿಗೆ ಪ್ರತ್ಯೇಕ ಮೀಟರು, ಹೊಸ ಒಳಾಂಗಣಗಳಿಗೆ ಸಿದ್ಧ ನಿಯಮಾವಳಿ ಇವನ್ನು ಯೋಜನೆಯ ಅಂಗವಾಗಿಯೇ ಇಟ್ಟುಕೊಂಡರು. ಆ ನಗರದ ಕಾನೂನು ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ದೊಡ್ಡ ಬಾಡಿಗೆದಾರರಿಗೆ ಸಬ್‌ಮೀಟರು ಅಳವಡಿಸಿ ಅವರ ಬಳಕೆಯನ್ನು ಅವರಿಗೆ ತಿಳಿಸಬೇಕೆಂದು ಆ ಬಳಿಕ ಕಡ್ಡಾಯ ಮಾಡಿತು.

ನಮ್ಮಲ್ಲಿ ಇದಕ್ಕೆ ಬೇಕಾದ ಬೀಜಗಳು ಈಗಾಗಲೇ ಇವೆ. ಕೇಂದ್ರದ ಇಂಧನ ದಕ್ಷತಾ ಮಂಡಳಿಯು 2009ರಿಂದ ಕಚೇರಿ ಕಟ್ಟಡಗಳಿಗೆ ಕೊಡುತ್ತಿರುವ ನಕ್ಷತ್ರಗಳು ಚದರ ಮೀಟರೊಂದಕ್ಕೆ ವರ್ಷಕ್ಕೆ ವ್ಯಯವಾದ ಯೂನಿಟ್ಟುಗಳನ್ನೇ ಆಧರಿಸಿವೆ. ಆದರೆ ಅದು ಸ್ವಯಂಪ್ರೇರಿತರಾಗಿ ಬಂದವರಿಗೆ ಮಾತ್ರ. ಇಂಧನ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯು ಸಂಹಿತೆಯ ವ್ಯಾಪ್ತಿಯನ್ನು ಇಂಧನದಿಂದಾಚೆಗೆ ಸುಸ್ಥಿರತೆಯವರೆಗೆ ವಿಸ್ತರಿಸಿ, ಸಂಹಿತೆ ಅನ್ವಯಿಸಲು ಕಟ್ಟಡದ ವಿದ್ಯುತ್ ಸಂಪರ್ಕಕ್ಕೆ ಇಟ್ಟಿರುವ ನೂರು ಕಿಲೋವ್ಯಾಟಿನ ಮಿತಿಯನ್ನು ತಗ್ಗಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಇವುಗಳನ್ನು ಬಾಡಿಗೆಯ ಕರಾರಿಗೆ ಗಂಟುಹಾಕುವ ಕೆಲಸ ಮಾತ್ರ ಉಳಿದಿದೆ. ನಗರಪಾಲಿಕೆಯ ಇನ್‌ಸ್ಪೆಕ್ಟರನೊಬ್ಬನು ಪ್ರತಿ ಕಚೇರಿಗೂ ಹೋಗಿ ಮೇಜುಗಳನ್ನು ಎಣಿಸುವ ವ್ಯವಸ್ಥೆಯನ್ನು ನಾನು ಬಯಸುವುದಿಲ್ಲ. ಅದರಿಂದ ಹೊಸದೊಂದು ಕಿರುಕುಳ ಹುಟ್ಟೀತೇ ಹೊರತು ಬೆಳಕೂ ಗಾಳಿಯೂ ಹೆಚ್ಚವು. ಕರಾರೇ ತಕ್ಕ ಸಾಧನ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸುವುದು 1908ರ ಕಾಯಿದೆಯಿಂದಲೇ ಕಡ್ಡಾಯವಾಗಿರುವುದರಿಂದ, ಹಸಿರು ಪದವಿಯನ್ನು ಹೇಳಿಕೊಳ್ಳುವ ಕಟ್ಟಡದ ಪ್ರತಿಯೊಂದು ಕರಾರಿಗೂ ಒಂದು ಅನುಬಂಧ ಇರತಕ್ಕದ್ದೆಂದು ರಾಜ್ಯ ಸರ್ಕಾರವು ವಿಧಿಸಬಹುದು. ಮಹಡಿಯ ಗಾಳಿಯ ಯಂತ್ರಕ್ಕೆ ತಕ್ಕಷ್ಟೇ ಆಸನಗಳು, ಕಿಟಕಿಯ ಸಾಲಿನ ಮೊದಲ ಕೆಲವು ಮೀಟರುಗಳಲ್ಲಿ ಎತ್ತರದ ಗೋಡೆ ಕೂಡದೆಂಬುದು, ದೀಪಗಳ ವ್ಯಾಟು, ನಲ್ಲಿಯ ಧಾರೆ, ಬಣ್ಣ ಮತ್ತು ಹಲಗೆಗಳ ಗುಣ, ಪ್ರತ್ಯೇಕ ಮೀಟರು ಮತ್ತು ಅದರ ಲೆಕ್ಕವನ್ನು ಮಾಲೀಕನೊಡನೆ ಹಂಚಿಕೊಳ್ಳುವ ಒಪ್ಪಿಗೆ, ಇಷ್ಟು ಆ ಅನುಬಂಧದಲ್ಲಿದ್ದರೆ ಸಾಕು. ಆರರಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವ ಸಂಪ್ರದಾಯ ಹೇಗೂ ಇದೆ. ಅನುಬಂಧವನ್ನು ಪಾಲಿಸಿದ ಬಾಡಿಗೆದಾರನಿಗೆ ಅದರ ಒಂದು ಪಾಲನ್ನು ಮೊದಲನೆಯ ವರ್ಷದ ಕೊನೆಗೇ ಹಿಂದಿರುಗಿಸಿದರೆ ಪಾಲನೆಗೆ ಪ್ರೇರಣೆಯೂ ದೊರೆತೀತು. ಬಿಡುವಾಗ ಒಡೆದು ಒಪ್ಪಿಸಬೇಕೆಂಬ ಷರತ್ತಿಗೆ ಬದಲಾಗಿ, ಮುಂದಿನ ಬಾಡಿಗೆದಾರನು ಒಪ್ಪಿದುದನ್ನೆಲ್ಲ ಹಾಗೆಯೇ ಬಿಟ್ಟುಹೋಗಬಹುದೆಂಬ ಷರತ್ತು ಬರಬೇಕು. ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ, ಮಹಡಿಗಳಲ್ಲಿ ಜನ ತುಂಬಿ ಒಂದು ವರ್ಷದ ಮೀಟರಿನ ಲೆಕ್ಕ ಕೈಗೆ ಬರುವವರೆಗೆ ತಮ್ಮ ಪದವಿ ಹೊರಕವಚಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಫಲಕದ ಮೇಲೆಯೇ ಕೊರೆಸಬೇಕು. ಹಸಿರು ಪದವಿಯನ್ನು ನೆಚ್ಚಿ ಪರಿಸರ ಅನುಮತಿಯಲ್ಲಿ ಆದ್ಯತೆ, ಕೆಲವು ರಾಜ್ಯಗಳಲ್ಲಿ ಹೆಚ್ಚುವರಿ ನೆಲವಿಸ್ತೀರ್ಣ, ಹೀಗೆ ಸಾರ್ವಜನಿಕರ ಸೌಲಭ್ಯಗಳನ್ನು ಕೊಡುತ್ತಿರುವಾಗ ಅಷ್ಟು ಸ್ಪಷ್ಟತೆಯನ್ನು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಇದು ರಾಜಧಾನಿಗೆ ಮಾತ್ರ ಸೇರಿದ ವಿಷಯವೆಂದು ಕೊಳ್ಳೇಗಾಲ, ಹನೂರು, ಯಳಂದೂರುಗಳ ಓದುಗರು ಭಾವಿಸಬಾರದು. ಈಚೆಗೆ ತಾಲ್ಲೂಕು ಕೇಂದ್ರವಾದ ಹನೂರಿನಂತಹ ಪಟ್ಟಣಗಳು ಬೆಳೆಯುವಾಗ ಬ್ಯಾಂಕು, ಸರ್ಕಾರಿ ಕಚೇರಿ, ವಿದ್ಯಾರ್ಥಿನಿಲಯ ಇವೆಲ್ಲ ಸ್ವಂತ ಕಟ್ಟಡ ದೊರೆಯುವ ತನಕ ಬಾಡಿಗೆಯ ಮಹಡಿಗಳಲ್ಲಿಯೇ ನಡೆಯುವುದು ನಾಡಿನೆಲ್ಲೆಡೆಯ ಅನುಭವ. ಅಲ್ಲಿ ಗಾಜಿನ ಗೋಡೆಯಿಲ್ಲ, ಪ್ಲಾಟಿನಂ ಫಲಕವಿಲ್ಲ; ಆದರೆ ಸಮಸ್ಯೆ ಅದೇ. ಮಾಲೀಕನು ಅಗಲವಾದ ಕಿಟಕಿಗಳನ್ನಿಟ್ಟು ಕಟ್ಟಿದ ಹಜಾರದಲ್ಲಿ ಬಾಡಿಗೆಗೆ ಬಂದ ಕಚೇರಿಯು ಕಡತಗಳ ಕಬ್ಬಿಣದ ಬೀರುಗಳನ್ನು ಕಿಟಕಿಗೆ ಅಡ್ಡಲಾಗಿ ಸಾಲಿಟ್ಟು, ಹಗಲೆಲ್ಲ ದೀಪ ಉರಿಸುತ್ತದೆ. ಮರದ ಹಲಗೆಯಿಂದ ಅಧಿಕಾರಿಯ ಕೊಠಡಿಯನ್ನು ಅಡ್ಡಗಟ್ಟಿ ಎರಡೂ ಕಡೆಯ ಗಾಳಿಯ ಹಾದಿಯನ್ನು ಮುಚ್ಚಿ, ಆ ಕೊಠಡಿಗೊಂದು ಎ.ಸಿ.ಯನ್ನೂ ಹೊರಗೆ ಸರದಿಯಲ್ಲಿ ನಿಂತ ಜನಕ್ಕೆ ಸೆಖೆಯನ್ನೂ ಹಂಚುತ್ತದೆ. ಪಿಂಚಣಿಗೋ ಪಹಣಿಗೋ ಮೈಲಿಗಟ್ಟಲೆ ನಡೆದು ಬಂದ ವೃದ್ಧರಿಗೆ ಆ ಹಜಾರದಲ್ಲಿ ಒಂದು ಗುಟುಕು ಒಳ್ಳೆಯ ಗಾಳಿ ಇಲ್ಲವಾಗುವುದು, ಬೆಂಗಳೂರಿನ ನೌಕರನ ತಲೆಭಾರಕ್ಕಿಂತ ಕಡಿಮೆಯ ವಿಷಯವೆಂದು ನಾನು ಎಣಿಸಲಾರೆ. ಸರ್ಕಾರವು ಬಾಡಿಗೆಗೆ ಹಿಡಿಯುವ ಕಟ್ಟಡದ ಬಾಡಿಗೆಯನ್ನು ಲೋಕೋಪಯೋಗಿ ಇಲಾಖೆ ಅಳೆದು ನಿಗದಿಪಡಿಸುವ ಕ್ರಮ ಈಗಲೂ ಇದೆ. ನೆಲವನ್ನು ಅಳೆಯಲು ಹೋದ ಎಂಜಿನಿಯರನು ಕಿಟಕಿಯ ಮುಂದೆ ಏನನ್ನು ಇಡಕೂಡದು, ಎಷ್ಟು ಜನರನ್ನು ಕೂರಿಸಬಹುದು, ದೀಪಗಳು ಎಷ್ಟು ವ್ಯಾಟಿನವಿರಬೇಕು ಎಂಬ ಒಂದು ಪುಟವನ್ನು ಅದೇ ವರದಿಗೆ ಲಗತ್ತಿಸಿದರೆ ಇಲಾಖೆಗೆ ಬರುವ ಖರ್ಚು ಏನೂ ಇಲ್ಲ.

ರಾಜ್ಯದಲ್ಲಿ ಸರ್ಕಾರಕ್ಕಿಂತ ದೊಡ್ಡ ಬಾಡಿಗೆದಾರನು ಬಹುಶಃ ಇರಲಾರನು. ಖಾಸಗಿ ಕಂಪನಿಗಳಿಗೆ ಅನುಬಂಧವನ್ನು ವಿಧಿಸುವ ಮೊದಲು ಸರ್ಕಾರವು ತಾನು ಸಹಿ ಮಾಡುವ ಕರಾರುಗಳಲ್ಲಿ ಅದನ್ನು ಸೇರಿಸಿಕೊಳ್ಳಲಿ. ಇಂತಹ ಮಾದರಿ ಕರಾರೊಂದನ್ನು ಲೋಕೋಪಯೋಗಿ ಮತ್ತು ಇಂಧನ ಇಲಾಖೆಗಳು ಕೂಡಿ ಕನ್ನಡದಲ್ಲಿ ರಚಿಸಿ, ಪ್ರತಿ ತಾಲ್ಲೂಕಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದೊರೆಯುವಂತೆ ಮಾಡಲಿ. ಮಹಡಿಯನ್ನು ಬಾಡಿಗೆಗೆ ಕೊಡುವವರೂ ಹಿಡಿಯುವವರೂ ಆದ ಓದುಗರು, ಮುಂದಿನ ಕರಾರಿಗೆ ಸಹಿ ಹಾಕುವ ಮೊದಲು, ಬಾಡಿಗೆಯ ಮೊತ್ತ ಬರೆದ ಪುಟವನ್ನು ಓದುವಷ್ಟೇ ಶ್ರದ್ಧೆಯಿಂದ ಒಳಾಂಗಣದ ಷರತ್ತುಗಳನ್ನೂ ಓದಬೇಕೆಂದೂ, ಅಂತಹ ಷರತ್ತುಗಳು ಇಲ್ಲದಿದ್ದರೆ ಬರೆಯಿಸಬೇಕೆಂದೂ ನಾನು ಪ್ರಾರ್ಥಿಸುತ್ತೇನೆ.